ಅಕ್ಕನ ಮಗನಿಗೆ ಜಡೆ ಬೆಳೆದದ್ದು

ಅಕ್ಕನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಮುಡಿ ತೆಗೆಸುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ. ಬರುತ್ತೇನೆಂದು ಎರಡು ಸಲ ಒಪ್ಪಿಕೊಂಡು ಎರಡು ಸಲವೂ ಹೋಗಲಿಲ್ಲ. ಅದರಿಂದ ಒಂದು ಗಂಡುಮಗು ಶಾಲೆಗೆ ಸೇರುವ ವಯಸ್ಸಿನವರೆಗೂ ಎರಡು ಜಡೆ ಹಾಕಿಕೊಂಡು, ಕೆಂಪು ಟೇಪು ಕಟ್ಟಿಸಿಕೊಂಡು ಓಡಾಡಿತು. ನೆಂಟರು ಇದನ್ನು ಈಗಲೂ ನಗುತ್ತಾ ಹೇಳುತ್ತಾರೆ. ನಾನೂ ಜೊತೆಗೆ ನಕ್ಕಿದ್ದೇನೆ. ಆದರೆ ಆ ಕೂದಲು ಬೆಳೆದಷ್ಟೂ ದಿನ ಅಕ್ಕ ಅತ್ತೆಮನೆಯಲ್ಲಿ ಮಾತು ಕೇಳಿಸಿಕೊಂಡಳು. ಅದು ನಗುವವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮುಡಿಯ ಕಟ್ಟಳೆ ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ನಮ್ಮಲ್ಲಿ ಹುಟ್ಟುಗೂದಲನ್ನು ಮನೆದೇವರಿಗೆ ಕೊಡಬೇಕು. ಕೊಡುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು, ಆಮೇಲೆ ಕ್ಷೌರಿಕರು ಬೋಳಿಸುತ್ತಾರೆ. ಇದನ್ನು ಮಗುವಿಗೆ ಒಂದನೇ ವರ್ಷ ನಡೆಯುವಾಗ ಮಾಡಬೇಕು. ತಪ್ಪಿದರೆ ಮೂರನೇ ವರ್ಷ. ಅದೂ ತಪ್ಪಿದರೆ ಐದನೇ ವರ್ಷ. ಎರಡು, ನಾಲ್ಕು ಅನ್ನುವ ಸಮ ವರ್ಷಗಳಲ್ಲಿ ಕತ್ತರಿ ಮುಟ್ಟಿಸುವ ಹಾಗಿಲ್ಲ. ಹಾಗಾಗಿ ಮಾವನಾದವನು ಒಂದು ಬೆಳಗ್ಗೆ ತಪ್ಪಿಸಿಕೊಂಡರೆ ಮಗು ವರ್ಷಗಟ್ಟಲೆ ಕೂದಲು ಹೊತ್ತುಕೊಂಡು ಕಾಯಬೇಕು. ನಮ್ಮ ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅಕ್ಕನಿಗೆ ಒಡಹುಟ್ಟಿದವನೆಂದರೆ ನಾನೊಬ್ಬನೇ. ಇನ್ನೊಂದು ತೊಡೆ ನಮ್ಮ ಮನೆಯಲ್ಲಿ ಇರಲಿಲ್ಲ.

ನನ್ನದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಒಂದು ಊರು. ಏಳನೇ ಕ್ಲಾಸಿಗೆ ಓದು ಬಿಟ್ಟೆ. ಓದು ನನ್ನನ್ನು ಬಿಟ್ಟಿತು ಅನ್ನುವುದು ಸರಿ. ಆಮೇಲೆ ಹೊಲ, ಹೊಗೆಸೊಪ್ಪು, ಮತ್ತು ಮುಯ್ಯಾಳು. ಮುಯ್ಯಾಳು ಅಂದರೆ ಇವತ್ತು ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ನಾಳೆ ನೀವು ನನ್ನ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ. ಬುದ್ಧಿ ಇರುವವರು ತಮ್ಮ ಹೊಲಕ್ಕೆ ಎಷ್ಟು ಆಳು ಬೇಕೋ ಅಷ್ಟು ಮನೆಗೆ ಮಾತ್ರ ಒಪ್ಪಿಕೊಳ್ಳುತ್ತಾರೆ. ನಾನು ಕೇಳಿದವರಿಗೆಲ್ಲಾ ಒಪ್ಪಿಕೊಳ್ಳುತ್ತಿದ್ದೆ. ನನಗೆ ಇದ್ದದ್ದು ಎರಡು ಎಕರೆ. ನನಗೆ ಬರಬೇಕಾದ ಮುಯ್ಯಾಳುಗಳೆಲ್ಲ ಒಂದೇ ದಿನ ಬಂದಿದ್ದರೆ ಅವರಿಗೆ ನಿಲ್ಲುವುದಕ್ಕೂ ಆ ಹೊಲದಲ್ಲಿ ಜಾಗ ಸಾಲುತ್ತಿರಲಿಲ್ಲ.

ನನ್ನನ್ನು ಕೆಡಿಸಿದ್ದು ಒಂದು ಮಾತು. "ನೀನಿದ್ರೆ ಧೈರ್ಯ ಕಣಪ್ಪ." ಈ ಮಾತನ್ನು ಯಾರು ಅಂದರೂ ನನ್ನ ಬಾಯಿ ತಾನಾಗಿ ತೆರೆದುಕೊಂಡು "ಬತ್ತೀನಿ ಬುಡಣ್ಣ" ಅನ್ನುತ್ತಿತ್ತು. ಹೆಣ್ಣು ನೋಡುವುದಕ್ಕೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಹುಣಸೂರಿನಲ್ಲಿ ಪಂಪ್‌ಸೆಟ್ ಕೊಳ್ಳುವವರು, ಎಲ್ಲರಿಗೂ ನಾನು ಜೊತೆಗೆ ಬೇಕು. ನನಗೆ ಪಂಪ್‌ಸೆಟ್ಟಿನ ವಿಷಯ ಏನೂ ಗೊತ್ತಿರಲಿಲ್ಲ. ಅದರ ಮೇಲೆ ಕೈಯಿಟ್ಟು, ಎರಡು ಸಲ ತಟ್ಟಿ, "ಪರವಾಗಿಲ್ಲ" ಅನ್ನುತ್ತಿದ್ದೆ. ಅಷ್ಟಕ್ಕೇ ಒಂದು ದಿನ ಹೋಗುತ್ತಿತ್ತು.

ಅವ್ವ ಬೈಯುತ್ತಿದ್ದಳು. "ಊರೋರಿಗೆಲ್ಲ ಆಯ್ತೀಯ, ನಮ್ ಕೊಟ್ಟಿಗೆ ಮೂಲೆ ಕುಸ್ದು ಬಿದ್ದದೆ, ಅದ್ಕೆ ಆಗಾಕಿಲ್ಲ ನೀನು."

"ಮಾಡಾನ ಬುಡವ್ವ. ಕೊಟ್ಟಿಗೆ ಎಲ್ಲಿಗ್ ಓಡೋಯ್ತದೆ?"

ನನ್ನ ಲೆಕ್ಕವೆಲ್ಲ ಇದರಲ್ಲೇ ಇತ್ತು. ಓಡಿಹೋಗುವವರಿಗೆ ಮೊದಲು, ಓಡಿಹೋಗದವರಿಗೆ ಆಮೇಲೆ. ಊರಿನವರು ಮುನಿಸಿಕೊಂಡಾರು, ಅವ್ವ, ಅಕ್ಕ, ಕೊಟ್ಟಿಗೆ ಇವು ಎಲ್ಲಿಗೂ ಹೋಗುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಕೆ.ಆರ್. ನಗರ ತಾಲ್ಲೂಕಿಗೆ, ಚುಂಚನಕಟ್ಟೆ ಹತ್ತಿರದ ಭತ್ತ ಬೆಳೆಯುವ ಊರಿಗೆ. ಅವರ ಮನೆದೇವರ ಗುಡಿ ಹೊಳೆದಂಡೆಯಲ್ಲೇ ಇತ್ತು. ಭಾವ ಸಾಧು. ಭಾವನ ತಾಯಿ ಸಾಧುವಲ್ಲ. ಆಕೆ ಯಾರಿಗೂ ಬೈಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಗಾಳಿಗೆ ಹೇಳುವ ಹಾಗೆ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಆ ಮಾತು ಮಾತ್ರ ಮನೆಯ ಮೂಲೆಮೂಲೆಯಲ್ಲೂ ವಾರಗಟ್ಟಲೆ ಕೂತಿರುತ್ತಿತ್ತು.

ಮೊದಲ ಸಲ ಮುಡಿ ಗೊತ್ತುಮಾಡಿದ್ದು ಮಗುವಿಗೆ ವರ್ಷ ತುಂಬುವ ಮುಂಚೆ. ನಮ್ಮಲ್ಲಿ ಆಗ ಹೊಗೆಸೊಪ್ಪು ಮುರಿಯುವ ಕಾಲ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಅದನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಎತ್ತರದ ಮನೆಗೆ, ಏರಿಸಬೇಕು. ಮುರಿದ ಮೇಲೆ ಸೊಪ್ಪು ಕಾಯುವುದಿಲ್ಲ. ಆ ದಿನ ಬೆಳಗ್ಗೆ ನಾನು ಮೂರು ಮನೆಗೆ ಬರುತ್ತೇನೆ ಅಂದಿದ್ದೆ. ಒಂದೊಂದು ಮನೆಯಲ್ಲಿ ಒಂದು ಗಳಿಗೆ ಮುಖ ತೋರಿಸಿ, ನಾಲ್ಕು ಕಡ್ಡಿ ಕಟ್ಟಿ, ಮೊದಲ ಬಸ್ಸಿಗೆ ಹೋಗುವುದು ನನ್ನ ಯೋಚನೆ. ಮೊದಲ ಮನೆಯಲ್ಲಿ ಕಾಫಿ ಕೊಟ್ಟರು. ಎರಡನೆಯ ಮನೆಯಲ್ಲಿ ರೊಟ್ಟಿ ಕೊಟ್ಟರು. ಮೂರನೆಯ ಮನೆಯಲ್ಲಿ ಬ್ಯಾರನ್ನಿನೊಳಗೆ ಮೇಲೆ ಹತ್ತಿ ಕಡ್ಡಿ ಜೋಡಿಸುವವನು ಬಂದಿರಲಿಲ್ಲ. "ನೀನಿದ್ರೆ ಧೈರ್ಯ" ಅಂದರು. ನಾನು ಹತ್ತಿದೆ. ಇಳಿದಾಗ ಮಧ್ಯಾಹ್ನವಾಗಿತ್ತು. ಬಸ್ಸು ಹೋಗಿತ್ತು, ಮುಹೂರ್ತವೂ ಹೋಗಿತ್ತು.

ಅಲ್ಲಿ ಅಕ್ಕ ಅತ್ತೆಗೆ ಒಂದು ಸುಳ್ಳು ಹೇಳಿದಳು: ಅವ್ವನಿಗೆ ಹೊಟ್ಟೆನೋವು, ಅದಕ್ಕೇ ತಮ್ಮ ಬರಲಿಲ್ಲ. ಸುಳ್ಳು ಚೆನ್ನಾಗಿಯೇ ಇತ್ತು. ಆದರೆ ಭಾವ ಸಾಧು ಅಂದೆನಲ್ಲ, ಅವರು ಎರಡು ದಿನ ಬಿಟ್ಟು ಬನ್ನು, ಕಿತ್ತಳೆಹಣ್ಣು ಕಟ್ಟಿಸಿಕೊಂಡು ನಮ್ಮ ಅವ್ವನನ್ನು ನೋಡಲು ಬಂದೇಬಿಟ್ಟರು. ಅಕ್ಕನ ಸುಳ್ಳು ನನ್ನ ಕಿವಿಗೆ ಬಿದ್ದಿತ್ತು, ಅವ್ವನಿಗೆ ನಾನಿನ್ನೂ ಹೇಳಿರಲಿಲ್ಲ. ಅವರು ಬೀದಿಯ ತಿರುವಿನಲ್ಲಿ ಕಂಡಾಗ ಅವ್ವ ಸೌದೆ ಒಡೆಯುತ್ತಿದ್ದಳು.

"ಅವ್ವ, ಮಲಿಕ್ಕೋ! ನಿಂಗೆ ಉಷಾರಿಲ್ಲ!"

"ನಂಗೇನ್ಲಾ ಆಗದೆ?"

"ಆಮೇಲ್ ಏಳ್ತೀನಿ, ಮಲಿಕ್ಕೋ!"

ಅವ್ವ ಕೊಡಲಿ ಬಿಸಾಕಿ ಒಳಗೆ ಓಡಿ ಕಂಬಳಿ ಹೊದ್ದುಕೊಂಡಳು. ಏನು ಕಾಯಿಲೆಯೆಂದು ಹೇಳುವುದಕ್ಕೆ ನನಗೆ ಸಮಯ ಸಿಗಲಿಲ್ಲ. ಭಾವ ಬಂದು ಪಕ್ಕದಲ್ಲಿ ಕೂತು, "ಹೊಟ್ಟೆ ಎಂಗದೆ ಅತ್ತೆ?" ಅಂದರು. ಅವ್ವ ತಲೆ ಹಿಡಿದುಕೊಂಡು, "ಸಿಡೀತಾ ಅದೆ ಕಣಪ್ಪ" ಅಂದಳು. ಭಾವ ನನ್ನ ಮುಖ ನೋಡಿದರು. ಕಿತ್ತಳೆಹಣ್ಣನ್ನು ತಲೆದಿಂಬಿನ ಹತ್ತಿರ ಇಟ್ಟು, ಕಾಫಿ ಕುಡಿದು ಹೋದರು. ಅವರು ಬಾಗಿಲು ದಾಟಿದ ಮೇಲೆ ಅವ್ವ ಅದೇ ಹಣ್ಣನ್ನು ಎತ್ತಿ ನನ್ನ ಬೆನ್ನಿಗೆ ಎಸೆದಳು. ಕಾಯಿಲೆಯವಳ ಕೈ ಅಂತ ಯಾರೂ ಹೇಳುವಂತಿರಲಿಲ್ಲ.

ಮೂರನೇ ವರ್ಷದ ಮುಡಿಗೆ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಒಂದು ವಾರ ಮುಂಚಿನಿಂದ ಯಾರಿಗೂ ಸಿಗದ ಹಾಗೆ ಹಿತ್ತಲ ದಾರಿಯಲ್ಲೇ ಓಡಾಡಿದೆ. ಹಿಂದಿನ ದಿನ ಹಿತ್ತಲಲ್ಲೇ ಒಬ್ಬ ಹಿಡಿದ. ಅಂತರಸಂತೆಯ ಸಂತೆಯಲ್ಲಿ ಒಂದು ಜೊತೆ ಎತ್ತು ನೋಡಬೇಕಂತೆ.

"ನಂಗೆ ಎತ್ತಿನ್ ವಿಷ್ಯ ಏನ್ ಗೊತ್ತಣ್ಣ?"

"ಎತ್ತಿನ್ ವಿಷ್ಯ ನಂಗ್ ಗೊತ್ತು ಬುಡು. ನೀನ್ ಪಕ್ಕದಲ್ ನಿಂತ್ಕೊ. ನೀನಿದ್ರೆ..."

ಅವನು ಮಾತು ಮುಗಿಸುವ ಮುಂಚೆಯೇ ನಾನು ಒಪ್ಪಿಕೊಂಡಿದ್ದೆ. ಸಂಜೆಗೆ ವಾಪಸ್ಸು ಬರುವುದು ತಾನೇ, ಮುಡಿ ಇರುವುದು ನಾಳೆ ತಾನೇ. ಸಂತೆಯಲ್ಲಿ ಟವೆಲಿನ ಅಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳುತ್ತಾ ಶುರುವಾದ ವ್ಯಾಪಾರ ಹೊತ್ತು ಇಳಿದರೂ ಮುಗಿಯಲಿಲ್ಲ. ಮುಗಿದ ಮೇಲೆ ಎತ್ತುಗಳು ಲಾರಿ ಹತ್ತಲಿಲ್ಲ. ಒಂದು ಹತ್ತಿದರೆ ಇನ್ನೊಂದು ಇಳಿಯುತ್ತಿತ್ತು. ಕೊನೆಗೆ ನಡೆಸಿಕೊಂಡೇ ಹೊರಟೆವು. ಮಾರನೆಯ ಬೆಳಗ್ಗೆ ಹೊಳೆದಂಡೆಯಲ್ಲಿ ಕ್ಷೌರಿಕರು ಕತ್ತಿ ಮಸೆಯುತ್ತಿದ್ದ ಹೊತ್ತಿಗೆ ನಾನು ಅಂತರಸಂತೆ ರಸ್ತೆಯಲ್ಲಿ ಒಂದು ಎತ್ತಿನ ಬಾಲದ ಹಿಂದೆ ಬರುತ್ತಿದ್ದೆ. ಆ ಎತ್ತು ನನಗಿಂತ ವಾಸಿ. ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ, ಅಷ್ಟೇ.

ಈ ಸಲ ಅಕ್ಕ ಬಸ್ಸು ಕೆಟ್ಟಿತು ಅಂದಳಂತೆ. ಅವಳ ಅತ್ತೆ ಗೋಡೆಯ ಕಡೆ ತಿರುಗಿ, "ಪಾಪ, ಆ ಹುಡ್ಗ ಕಾಲಿಟ್ಟ ಬಸ್ಸೆಲ್ಲಾ ಕೆಟ್ಟೋಯ್ತವೆ" ಅಂದರಂತೆ.

ಆಮೇಲೆ ಕೂದಲು ಬೆಳೆಯಿತು. ಅಕ್ಕನ ಮಗನ ತಲೆಯಲ್ಲಿ ಬೇರೆ ಏನೂ ಬೆಳೆಯಲು ಜಾಗವಿಲ್ಲದಷ್ಟು ದಟ್ಟವಾಗಿ, ಬೆನ್ನು ಮುಟ್ಟುವಷ್ಟು ಉದ್ದವಾಗಿ ಬೆಳೆಯಿತು. ಅಂಗನವಾಡಿಯಲ್ಲಿ ಅವನನ್ನು ಹೆಣ್ಣುಮಕ್ಕಳ ಸಾಲಿನಲ್ಲಿ ಕೂರಿಸಿದರು. ಬಸ್ಸಿನ ಕಂಡಕ್ಟರು "ಈ ಕಡೆ ಬಾ ಪುಟ್ಟಿ" ಅಂದಾಗ ಅವನು ಬಸ್ಸೆಲ್ಲಾ ಕೇಳುವ ಹಾಗೆ, "ನಾನು ಗಂಡು ಕಣ್ರೀ, ನಮ್ ಮಾವ ಬಂದಿಲ್ಲ ಅಷ್ಟೇಯ" ಅಂತ ಕೂಗಿದನಂತೆ. ದಿನಾ ಬೆಳಗ್ಗೆ ಎಣ್ಣೆ ಹಚ್ಚಿ, ಹೇನು ನೋಡಿ, ಜಡೆ ಹಾಕುತ್ತಿದ್ದದ್ದು ಅಕ್ಕನ ಅತ್ತೆ. ಪ್ರೀತಿಯಿಂದಲೇ ಹಾಕುತ್ತಿದ್ದರು. ಆದರೆ ಒಂದೊಂದು ಎಳೆ ಎಳೆಯುವಾಗಲೂ ಒಂದೊಂದು ಮಾತು. "ತೌರು ಅಂದ್ರೆ ಬರೀ ಅರಿಶಿನ ಕುಂಕುಮಕ್ಕಲ್ಲ ಕಣ್ ಮಗ, ಒಂದ್ ತೊಡೆಗೂ ಬೇಕು." ಮಗುವಿಗೆ ಹೇಳುತ್ತಿದ್ದದ್ದು, ಕೇಳಬೇಕಾದವಳು ಒಲೆಯ ಮುಂದೆ ಇದ್ದಳು.

ಐದನೇ ವರ್ಷ ನಡೆಯುತ್ತಿತ್ತು. ಮಳೆ ಹಿಡಿದರೆ ಶಾಲೆ ಶುರು. ಮೇಷ್ಟರು ಜಡೆ ತೆಗೆಸಿಕೊಂಡು ಬನ್ನಿ ಅಂದುಬಿಟ್ಟಿದ್ದರು. ಅಕ್ಕ ಮಗನನ್ನು ಕಂಕುಳಿಗೆ ಹಾಕಿಕೊಂಡು, ಅವನ ಕಾಲು ನೆಲ ಮುಟ್ಟುತ್ತಿದ್ದರೂ ಹಾಗೇ ಎತ್ತಿಕೊಂಡು, ನಮ್ಮ ಊರಿಗೆ ಬಂದಳು. ನಾನು ಬೇಸಾಯದ ಹಗ್ಗ ಹೊಸೆಯುತ್ತಾ ಜಗಲಿಯಲ್ಲಿ ಕೂತಿದ್ದೆ. ಹುಡುಗ ನನ್ನ ಮುಂದೆ ನಿಂತು, ನನ್ನ ಮುಖ ನೋಡದೆ, ಕಾಲನ್ನು ನೋಡಿದ.

"ಇದೇನವ್ವ ಆ ತೊಡೆ?"

ಅವ್ವ ಒಳಗಿನಿಂದ ನಕ್ಕಳು. ಅಕ್ಕ ನಗಲಿಲ್ಲ.

"ನಿಂಗೆ ಯಾವತ್ತು ಆಯ್ತದೆ ಏಳು," ಅಂದಳು. "ನಾವು ದಿನ ನೋಡಾಕಿಲ್ಲ. ನೀನ್ ಏಳಿದ್ ದಿನವೇ ಒಳ್ಳೇ ದಿನ. ಅತ್ತೆ ಇನ್ನೊಂದ್ ಮಾತ್ ಏಳವ್ರೆ. ಈ ಸಲ ನೀನು ಬರ್ದಿದ್ರೆ ಅವ್ರ ಕಡೆ ಯಾರ್ನಾದ್ರೂ ಮಾವ ಅಂತ ಕೂರಿಸ್ತಾರಂತೆ. ಎಲ್ಲಾರ್ ಮುಂದೆ. ನಂಗೆ ತಮ್ಮ ಇಲ್ಲ ಅಂತ ಅವತ್ತೇ ತೀರ್ಮಾನ."

ಅವಳ ದನಿ ಏರಲಿಲ್ಲ. ಬೇಡುವ ಹಾಗೂ ಇರಲಿಲ್ಲ. ಬಹಳ ದಿನ ಸುಳ್ಳು ಹೇಳಿ ಹೇಳಿ ದಣಿದವರ ದನಿ ಅದು. ನಾನು ಮುಂದಿನ ಸೋಮವಾರ ಅಂದೆ. ಅವಳು, "ಯೋಚ್ನೆ ಮಾಡ್ ಏಳು" ಅಂದಳು. "ಮಾಡಿವ್ನಿ" ಅಂದೆ. ಮಾಡಿರಲಿಲ್ಲ. ಭಾನುವಾರ ಪಿರಿಯಾಪಟ್ಟಣದಲ್ಲಿ ಒಂದು ಮದುವೆಗೆ ಬಡಿಸಲು ಬರುತ್ತೇನೆ ಅಂದಿದ್ದೆ. ಸೋಮವಾರ ಸಂಜೆ ಒಬ್ಬರ ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಡುವುದಕ್ಕೂ ಅಂದಿದ್ದೆ. ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ. ನಡುವೆ ಮುಡಿ ಸೇರಿಸಿದರೆ ಎಲ್ಲಾ ಸರಿಹೋಗುತ್ತದೆ ಅನ್ನಿಸಿತು.

ಈ ಸಲ ಹೋದೆ. ಅದೊಂದನ್ನು ನನ್ನ ಪಾಲಿಗೆ ಬರೆದುಕೊಳ್ಳಬೇಕು. ಮದುವೆ ಮನೆಯಲ್ಲಿ ಎರಡು ಪಂಕ್ತಿಗೆ ಬಡಿಸಿ ಬರುತ್ತೇನೆ ಅಂದುಕೊಂಡವನು ಕೊನೆಯ ಪಾತ್ರೆ ತೊಳೆಯುವವರೆಗೆ ಇದ್ದೆ. ರೆಪ್ಪೆ ಮುಚ್ಚದೆ, ಅಂಗಿಗೆ ಸಾರಿನ ವಾಸನೆ ಹೊತ್ತುಕೊಂಡು, ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ನಗರಕ್ಕೆ ಒಂದು ಬಸ್ಸು, ಆಮೇಲೆ ಒಂದು ಟೆಂಪೋ ಹಿಡಿದು ಗುಡಿಯ ಮುಂದೆ ಇಳಿದೆ. ನೆಂಟರೆಲ್ಲ ಎದ್ದು ನಿಂತು ನೋಡಿದರು. ಒಬ್ಬ ಅಜ್ಜ, "ಬಂದೇಬುಟ್ಟನಲ್ಲಪ್ಪ!" ಅಂತ ಕೈಮುಗಿದ. ಯಾರಿಗೆ ಮುಗಿದನೋ, ನನಗೋ ದೇವರಿಗೋ. ಅಕ್ಕನ ಮುಖ ನೋಡಿದೆ. ಅವಳು ಅತ್ತೆಯ ಕಡೆ ಒಂದು ಸಲ ತಿರುಗಿ ನೋಡಿ, ಸೆರಗು ಸರಿಮಾಡಿಕೊಂಡಳು. ಅಷ್ಟೇ. ಆದರೆ ಆ ನೋಟದಲ್ಲಿ ಅವಳು ಎಷ್ಟು ಎತ್ತರ ಕಂಡಳು ಅನ್ನುವುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಹುಡುಗನನ್ನು ತೊಡೆಗೆ ಕೂರಿಸಿದರು. ಮೊದಲ ಕತ್ತರಿ ಹಾಕಿದೆ. ಎಲ್ಲರೂ ಸಂತೋಷಪಟ್ಟರು. ಕ್ಷೌರಿಕರು ವಯಸ್ಸಾದವರು, ನಿಧಾನದ ಕೈ. ಜಡೆ ಬಿಚ್ಚಿ, ತಂಬಿಗೆಯ ನೀರು ಹಾಕಿ ನೆನೆಸಿ, ಕತ್ತಿ ಆಡಿಸಲು ಶುರುಮಾಡಿದರು. ಕತ್ತಿ ಕರಕರ ಅನ್ನುತ್ತಿತ್ತು. ಹೊಳೆಯ ಗಾಳಿ ಬರುತ್ತಿತ್ತು. ಮಗುವಿನ ಮೈ ಬೆಚ್ಚಗಿತ್ತು. ಒಂದು ಕ್ಷಣ ಕಣ್ಣು ಮುಚ್ಚಿದರೆ ಯಾರಿಗೇನು ಅನ್ನಿಸಿತು.

ಮುಂದಿನದನ್ನು ಬೇರೆಯವರು ಹೇಳಿ ನಾನು ಕೇಳಿದ್ದೇನೆ. ನನ್ನ ಗದ್ದ ಹುಡುಗನ ನೆತ್ತಿಗೆ ಬಂದು ಕೂತಿತಂತೆ. ಕ್ಷೌರಿಕರು ಕತ್ತಿ ಹಿಂದಕ್ಕೆ ಎಳೆದು, "ಸ್ವಲ್ಪ ತಲೆ ಎತ್ತಪ್ಪ" ಅಂದರಂತೆ. ನಾನು ನಿದ್ದೆಯಲ್ಲೇ, ಬಹಳ ಮರ್ಯಾದೆಯಿಂದ, "ಬತ್ತೀನಿ ಬುಡಣ್ಣ, ನಾಳಿಕ್ಕೆ ಬತ್ತೀನಿ" ಅಂದೆನಂತೆ. ಗುಡಿಯ ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಆ ಗಲಾಟೆಗೆ ಹುಡುಗ ತೊಡೆಯಿಂದ ಜಾರಿ ಎದ್ದು ಓಡಿದ. ಒಂದು ಕಡೆ ಕುಂಬಳಕಾಯಿಯ ಹಾಗೆ ನುಣ್ಣಗೆ, ಇನ್ನೊಂದು ಕಡೆ ಬೆನ್ನಿನವರೆಗೆ ಕೂದಲು. ಆ ವೇಷದಲ್ಲಿ ಅವನು ಗುಡಿಯನ್ನು ಸುತ್ತಿದ, ಅವನ ಹಿಂದೆ ಭಾವ ಸುತ್ತಿದರು, ಭಾವನ ಹಿಂದೆ ಒಂದು ನಾಯಿ. ಕ್ಷೌರಿಕರು ಕತ್ತಿ ಒರೆಸಿ ಕೆಳಗಿಟ್ಟು, "ಮಗು ಸಿಕ್ಕಿದ್ ಮ್ಯಾಲೆ, ಮಾವ ಎದ್ದ್ ಮ್ಯಾಲೆ ಕರೀರಿ" ಅಂತ ಎಲೆಅಡಿಕೆ ಬಿಚ್ಚಿದರು.

ನನಗೆ ಎಚ್ಚರವಾದದ್ದು ತಂಬಿಗೆಯ ನೀರಿಗೆ. ಅಕ್ಕ ಅದನ್ನು ಪೂರ್ತಿಯಾಗಿ ನನ್ನ ತಲೆಯ ಮೇಲೆ ಸುರಿದಿದ್ದಳು.

ಅವಳ ಅತ್ತೆ ಕಂಬದ ಕಡೆ ತಿರುಗಿ ಹೇಳಿದರು: "ತೊಡೆ ತಂದವ್ನೆ ಕಣವ್ವ. ಉಳಿದದ್ದ ಮನೇಲೇ ಬುಟ್ಟು ಬಂದವ್ನೆ."

ಮತ್ತೆ ನಕ್ಕರು. ನಾನೂ ನೀರು ಒರೆಸಿಕೊಳ್ಳುತ್ತಾ ಹಲ್ಲು ಬಿಟ್ಟೆ. ಆಗ ಅಕ್ಕನನ್ನು ನೋಡಿದೆ. ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ಸ್ವಲ್ಪ ಮುಂಚೆ ಇದ್ದ ಎತ್ತರ ಇರಲಿಲ್ಲ.

ಹುಡುಗನನ್ನು ಹಿಡಿದು ತಂದರು. ಉಳಿದ ಅರ್ಧವನ್ನು ನಾನು ಕಣ್ಣು ಕಿಸಿದುಕೊಂಡು, ತುಟಿ ಕಚ್ಚಿಕೊಂಡು ಕೂತು ಮುಗಿಸಿಕೊಟ್ಟೆ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದವರು ಅಕ್ಕನ ಮನೆಯ ಪಕ್ಕದವರು. ಅವರು ನನ್ನ ಮೈಕಟ್ಟು ನೋಡಿ, "ನಾಳಿಕ್ಕೆ ನಮ್ ಮನೆ ಒಡ್ದಿರೋ ಹೆಂಚು ತೆಗ್ದು ಕೈಯಾಡಿಸ್ಬೇಕು, ಮಳೆ ಬರೋದ್ರೊಳ್ಗೆ. ನೀವೊಬ್ರಿದ್ರೆ ಧೈರ್ಯ ಕಣ್ರೀ" ಅಂದರು.

ಬಾಯಿ ತೆರೆಯಿತು. ಎದುರಿಗೆ ಅಕ್ಕ ಪಾಯಸದ ಪಾತ್ರೆ ಹಿಡಿದು ಬರುತ್ತಿದ್ದಳು, ಅವಳೂ ನಿಂತಳು. ಪಾಯಸದ ಸೌಟು ಗಾಳಿಯಲ್ಲೇ ನಿಂತಿತು. ಆ ಹಳೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿ, ಇನ್ನೊಂದನ್ನು ಹುಡುಕಿ ತರುವುದಕ್ಕೆ ಬೆವರು ಬಂತು.

"ಆಗಾಕಿಲ್ಲ ಕಣಣ್ಣ."

ಆ ಮನುಷ್ಯ ಮುನಿಸಿಕೊಳ್ಳುತ್ತಾನೆ, ಎಲೆ ಬಿಟ್ಟು ಏಳುತ್ತಾನೆ ಅಂತ ಕಾದೆ. ಆತ ಹಪ್ಪಳ ಮುರಿಯುತ್ತಾ, "ಅಂಗಾ? ಬುಡಿ, ಇನ್ಯಾರ್ನಾರ ಕರೀತೀನಿ" ಅಂದು ಇನ್ನೊಂದು ಪಕ್ಕಕ್ಕೆ ತಿರುಗಿ ಬೇರೊಬ್ಬರನ್ನು ಕೇಳಿಯೇಬಿಟ್ಟ. ನನಗೆ ಸ್ವಲ್ಪ ಬೇಜಾರೇ ಆಯಿತು. ಇಷ್ಟು ವರ್ಷ ನಾನಿಲ್ಲದೆ ಯಾರ ಹೆಂಚೂ ಏರುವುದಿಲ್ಲ, ಯಾರ ಎತ್ತೂ ಬರುವುದಿಲ್ಲ ಅಂದುಕೊಂಡು ಓಡಿದ್ದೆ. ಒಂದು ಹಪ್ಪಳ ತಿನ್ನುವಷ್ಟರಲ್ಲಿ ನನ್ನ ಜಾಗಕ್ಕೆ ಆಳು ಸಿಕ್ಕಿತು. ಆದರೆ ಈ ಹುಡುಗನಿಗೆ ಇನ್ನೊಂದು ತೊಡೆ ನಾಲ್ಕು ವರ್ಷ ಸಿಕ್ಕಿರಲಿಲ್ಲ, ಅಕ್ಕ ಸಿಗಲು ಬಿಟ್ಟಿರಲಿಲ್ಲ. ಯಾವ ಕೆಲಸಕ್ಕೆ ನಾನೇ ಬೇಕು, ಯಾವುದಕ್ಕೆ ಯಾರಾದರೂ ಆಗುತ್ತದೆ ಅನ್ನುವುದು ಅವತ್ತು ಎಲೆಯ ಮುಂದೆ ಕೂತು ಮೊದಲ ಸಲ ಯೋಚಿಸಿದೆ. ಆಮೇಲಿನ ವರ್ಷಗಳಲ್ಲಿ ಮುಯ್ಯಾಳನ್ನು ಎರಡೇ ಮನೆಗೆ ಇಟ್ಟುಕೊಂಡೆ. ಕೇಳಿದವರಿಗೆ "ಮನೇಲಿ ಕೇಳಿ ನಾಳಿಕ್ಕೆ ಏಳ್ತೀನಿ" ಅನ್ನಲು ಕಲಿತೆ. ನಾಳೆ ಬರುವುದರೊಳಗೆ ಅರ್ಧ ಜನ ಬೇರೆ ಯಾರನ್ನೋ ನೋಡಿಕೊಂಡಿರುತ್ತಿದ್ದರು. ಈಗಲೂ ಒಂದೊಂದು ಸಲ ಬಾಯಿ ಜಾರುತ್ತದೆ, ಇಲ್ಲ ಅನ್ನುವುದಿಲ್ಲ.

ಊಟವಾದ ಮೇಲೆ ಅಕ್ಕ ಮಗನನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಬೋಳುತಲೆಗೆ ಗಂಧ ಹಚ್ಚುತ್ತಿದ್ದಳು. ನಾನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತೆ. ಹುಡುಗ ನೀರಿನಲ್ಲಿ ತನ್ನ ತಲೆ ನೋಡಿಕೊಂಡು ಯಾರೋ ಹೊಸಬರು ಬಂದ ಹಾಗೆ ನಗುತ್ತಿದ್ದ.

"ಬಸ್ಸಿಗೆ ಒತ್ತಾಯ್ತು, ಓಗು," ಅಂದಳು ಅಕ್ಕ, ನನ್ನ ಕಡೆ ನೋಡದೆ. "ಯಾರೋ ಕಾಯ್ತಿರ್ತಾರೆ."

"ಸಸಿ ನೆಡೋಕೆ ಬತ್ತೀನಿ ಅಂದಿದ್ದೆ. ಪೋನ್ ಬೂತಿಂದ ಆಗಾಕಿಲ್ಲ ಅಂತ ಏಳ್ಬುಟ್ಟು ಬಂದೆ."

ಅವಳ ಕೈ ನಿಂತಿತು. "ಅತ್ತೆಗೆ ನಾನ್ ಏಳಿದ್ದೆಲ್ಲ ಸುಳ್ಳು ಅಂತ ಮೊದ್ಲಿಂದ್ಲೂ ಗೊತ್ತಿತ್ತು ಕಣ್ಲಾ. ಗೊತ್ತಿದ್ದೂ ಕೇಳೋರು. ನಾನು ಮತ್ತೆ ಏಳ್ತಿದ್ದೆ. ಇವತ್ತೊಂದಿನ ಸುಳ್ ಏಳ್ದಂಗೆ ಇರಾನ ಅಂತಿದ್ದೆ. ನೀನು ಕೂತಲ್ಲೇ ಗೊರಕೆ ಒಡ್ದೆ."

ಹೇಳುವಾಗ ಅವಳ ತುಟಿಯ ಮೂಲೆ ನಗುವಿಗೆ ಹೋಗಿ, ಅಲ್ಲಿಂದ ಅಳುವಿಗೆ ಬಂತು. ಒಂದು ನೆಪ ಹುಡುಕಿದೆ: ಮದುವೆ ಮನೆ, ನಿದ್ದೆ, ಬಸ್ಸು. ನೆಪ ಹೇಳುವ ಕೆಲಸವನ್ನೆಲ್ಲ ಅವಳು ನನಗೋಸ್ಕರ ಮುಂಚೆಯೇ ಮಾಡಿ ಮುಗಿಸಿದ್ದಳು. ನನ್ನ ಪಾಲಿಗೆ ಉಳಿದಿದ್ದು ನಿಜ ಒಂದೇ.

"ಅಕ್ಕ," ಅಂದೆ, "ನೀನು ಎಲ್ಲಿಗೂ ಓಗಾಕಿಲ್ಲ ಅಂತ ನಿನ್ನ ಯಾವಾಗ್ಲೂ ಕೊನೇಗೆ ಇಟ್ಟೆ. ತಪ್ಪಾಯ್ತು ಕಣಕ್ಕ."